ಮಖಮಲ್ಲಿನ ಮುಖದವಳು

"ಮೊದಲು ಕಣ್ಣು ಬಿಟ್ಟು ನೋಡಿ... ಆಮೇಲೆ ಬಾಯಿ ಬಿಟ್ಟು ಹಾಡಿ!"

ಮುನ್ನೂರು ಜನ ಕೂತಿದ್ದ ಮದುವೆಯ ಅಂಗಳ ಒಂದೇ ಏಟಿಗೆ ತಣ್ಣಗಾಯಿತು.

ಕೂಗಿದವಳು ಮದುವಣಗಿತ್ತಿಯ ಅಕ್ಕ ಮಕ್ಪಾಲ್. ಅವಳ ಕೈಯಲ್ಲಿದ್ದದ್ದು ಹಾಡುಗಾರ ಜಾಂದೋಸನ ದೋಂಬ್ರಾ. ಸರಸರನೆ ಬಂದವಳೇ ಆ ತಂತಿವಾದ್ಯವನ್ನು ಅವನ ಎದೆಯಿಂದ ಕಿತ್ತುಕೊಂಡಿದ್ದಳು! ಅವರ ಕಿಝಿಲೊರ್ದಾ ಊರಿನಲ್ಲಿ ಹಾಡುಗಾರನ ಕೆನ್ನೆಗೆ ಹೊಡೆದವರನ್ನು ಬೇಕಾದರೆ ಕ್ಷಮಿಸುತ್ತಾರೆ. ದೋಂಬ್ರಾಕ್ಕೆ ಕೈ ಹಾಕಿದವರನ್ನು ಕ್ಷಮಿಸುವುದಿಲ್ಲ.

ಅದೆಲ್ಲ ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಆ ನಗು ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಆದದ್ದು ಇಷ್ಟು. ತಂಗಿ ಬಲ್ಜಾನಳ ಮುಖದ ಮೇಲಿನ ಬಿಳಿ ಮುಸುಕನ್ನು ಗಂಡನ ಮನೆಯವರ ಮುಂದೆ ಸರಿಸುವ ಶಾಸ್ತ್ರ ನಡೆಯುತ್ತಿತ್ತು. ಜಾಂದೋಸ್ ಒಬ್ಬೊಬ್ಬ ನೆಂಟರ ಹೆಸರು ಹಿಡಿದು ಪದ ಕಟ್ಟುತ್ತಿದ್ದ, ಬಲ್ಜಾನ್ ಒಬ್ಬೊಬ್ಬರಿಗೂ ಬಾಗುತ್ತಿದ್ದಳು. ಹೆಸರುಗಳೆಲ್ಲ ಗಂಡಿನ ಕಡೆಯವರು ಬರೆದುಕೊಟ್ಟ ಚೀಟಿಯಲ್ಲಿದ್ದವು. ಅವತ್ತು ಅವನಿಗೆ ಅದು ಮೂರನೇ ಮದುವೆ. ಹೆಣ್ಣಿನ ಕಡೆಯವರ ಸರದಿ ಬಂದಾಗ ಚೀಟಿಯಿಂದ ತಲೆಯನ್ನೇ ಎತ್ತದೆ, ಹೆಸರಿಗೊಂದು ಪ್ರಾಸ ಹೊಂದಿಸಿ ಹಾಡಿಬಿಟ್ಟ.

"ಮದುಮಗಳ ಅಕ್ಕ ಬಂದಾಳೆ ನೋಡಿ ಮಕ್ಪಾಲು...
ಹೆಸರಂತೆ ಮೊಗವೂ ಮಖಮಲ್ಲು, ಕೆನೆಗಟ್ಟಿದ ಹಾಲು!
ಹುಡುಕಿದರೂ ಸಿಗದು ಕೆನ್ನೇಲಿ ಒಂದೇ ಒಂದು ಚುಕ್ಕಿ..."

ಮಕ್ಪಾಲ್ ಅಂದರೆ ಮಖಮಲ್ಲು. ಹುಟ್ಟಿದ ದಿನ ಅಜ್ಜಿ ಕೆನ್ನೆ ಸವರಿ ಇಟ್ಟ ಹೆಸರು. ಈಗ ಅವಳಿಗೆ ಇಪ್ಪತ್ತಾರು. ಗಲ್ಲದ ಮೇಲೆ ಮೂರು ಕೆಂಪು ಮೊಡವೆ, ಅದರ ಮೇಲೆ ಒಣಗಿದ ಬಿಳಿ ಔಷಧಿ, ಹಣೆಯಲ್ಲಿ ಎಷ್ಟು ಒರೆಸಿದರೂ ಹೋಗದ ಜಿಡ್ಡು, ಎರಡೂ ಕೆನ್ನೆಗಳಲ್ಲಿ ಹದಿನಾರನೇ ವಯಸ್ಸಿನ ಗುಳಿಗಳು.

ಮೊದಲು ಗಂಡಸರ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಹೆಂಗಸರ ಮೇಜು. ಆಮೇಲೆ ಮುನ್ನೂರು ತಲೆಗಳೂ ಅವಳ ಕೆನ್ನೆಯತ್ತ ತಿರುಗಿದವು... ಚುಕ್ಕಿ ಹುಡುಕಲು!

ಜಾಂದೋಸ್ ಆಗ ತಲೆ ಎತ್ತಿದ. ದಟ್ಟ ಗಡ್ಡದ ಮೇಲೆ ಕಾಣುತ್ತಿದ್ದ ಅಷ್ಟು ಮುಖವೂ ಬಿಳಚಿಕೊಂಡಿತು.

"ಅಯ್ಯೋ... ನಾನು ನೋಡ್ಲಿಲ್ಲ... ನನಗೆ ಗೊತ್ತಿರ್ಲಿಲ್ಲ..."

"ಚೀಟಿ ಓದೋಕೆ ಬರುತ್ತೆ ನಿಮಗೆ, ಮುಖ ಓದೋಕೆ ಬರಲ್ಲ ಅಲ್ವಾ?" ಎಂದು ದೋಂಬ್ರಾವನ್ನು ಅವನ ಎದೆಗೇ ಒತ್ತಿ ಹಿಂದಿರುಗಿದಳು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಿಟ್ಟು ಒಮ್ಮೆ ನೆತ್ತಿಗೇರಿದರೆ ಹೇಳಿದ ಕೂಡಲೇ ಇಳಿಯುತ್ತದೆಯೇ?

ಮುಂದಿನ ಶಾಸ್ತ್ರ ಒಲೆಯ ಮುಂದೆ. ಸೊಸೆ ಬೆಂಕಿಗೆ ಕುರಿಬಾಲದ ಕೊಬ್ಬು ಸುರಿಯಬೇಕು. ಅತ್ತೆ ಕೈಗೂ ಕೊಬ್ಬು ಹಚ್ಚಿಕೊಂಡು ಆ ಬೆಂಕಿಯಲ್ಲಿ ಅಂಗೈ ಕಾಯಿಸಿ ಸೊಸೆಯ ಮುಖ ಸವರಿ ಹರಸಬೇಕು. "ಬೆಂಕಿ ತಾಯೀ, ಕೊಬ್ಬಿನ ತಾಯೀ, ಇವಳನ್ನ ಕಾಪಾಡು!" ಎನ್ನುತ್ತ ಬಲ್ಜಾನಳ ಅತ್ತೆ ಜಿಡ್ಡು ತೊಟ್ಟಿಕ್ಕುವ ಅಂಗೈಗಳಿಂದ ಹಣೆಯಿಂದ ಗಲ್ಲದವರೆಗೆ ಗಸಗಸ ಸವರಿದಳು.

ಆ ಮುಖಕ್ಕಾಗಿ ಮಕ್ಪಾಲ್ ಎಂಟು ತಿಂಗಳು ಒದ್ದಾಡಿದ್ದಳು. ತಂಗಿ ಮೊಡವೆಗೆ ಕೈ ಹಾಕದಂತೆ ಕಾದಿದ್ದಳು, ದಿಂಬಿನ ಬಟ್ಟೆ ತಾನೇ ಒಗೆದಿದ್ದಳು, ಜಿಡ್ಡಿನ ಕ್ರೀಮುಗಳನ್ನು ಕಸಕ್ಕೆ ಎಸೆದಿದ್ದಳು. ಈಗ ಕಣ್ಣೆದುರೇ ಕೊಬ್ಬು! ಅವಳು ಹಿಂದೆಮುಂದೆ ನೋಡದೆ ಸೆರಗಿನಷ್ಟು ಉದ್ದದ ತನ್ನ ತಲೆವಸ್ತ್ರ ಬಿಚ್ಚಿ ತಂಗಿಯ ಮುಖ ಒರೆಸಿಬಿಟ್ಟಳು.

"ಹಾಳಾದವಳು! ಆಶೀರ್ವಾದಾನೇ ಒರೆಸಿ ಹಾಕಿದ್ಲಲ್ಲೇ!"

ಹೆಂಗಸರು ಬಾಯಿ ಬಡಿದುಕೊಂಡರು. ಅಷ್ಟನ್ನೂ ಇಪ್ಪತ್ತು ಫೋನುಗಳು ಹಿಡಿದಿಟ್ಟುಕೊಂಡವು.

---

ಸೋಮವಾರದ ಹೊತ್ತಿಗೆ ಇಡೀ ಊರೇ ನೋಡಿತ್ತು.

ಮಕ್ಪಾಲ್ ಕೆಲಸ ಮಾಡುವುದು ರೈಲು ನಿಲ್ದಾಣದ ಹಿಂದಿನ ಔಷಧಿ ಅಂಗಡಿಯಲ್ಲಿ. ವೈದ್ಯರು ಬರೆದ ಚೀಟಿ ನೋಡಿ ಗಂಧಕ, ಸ್ಯಾಲಿಸಿಲಿಕ್ ಆಮ್ಲ, ಸತು ಎಲ್ಲ ಅಳತೆ ಹಿಡಿದು ಕಲಸಿ, ಕಂದು ಸೀಸೆಗೆ ತುಂಬಿ, ಕಿಟಕಿಯಲ್ಲಿ ಕೊಡುವವಳು. ತಳದಲ್ಲಿ ಪುಡಿ, ಮೇಲೆ ನೀರು, ಕುಲುಕಿ ಹಚ್ಚಬೇಕು. ಊರಿನ ಮೊಡವೆಯೆಲ್ಲ ಆ ಸೀಸೆಯನ್ನೇ ನಂಬಿಕೊಂಡಿತ್ತು.

"ನೋಡೇ, ಮಖಮಲ್ಲಿನ ಮುಖದವಳು ಇವಳೇ!" ಎಂದು ಇಬ್ಬರು ಹುಡುಗಿಯರು ಸಾಲಿನಲ್ಲೇ ಪಿಸುಗುಟ್ಟಿ ನಕ್ಕರು. ಒಬ್ಬ ಮುದುಕಿ ಸೀಸೆ ವಾಪಸು ತಳ್ಳಿದಳು. "ಆಶೀರ್ವಾದ ಒರೆಸಿದ ಕೈಯಿಂದ ನನಗೇನೂ ಬೇಡಮ್ಮ."

ಅಂಗಡಿಯ ಒಡತಿ ಕುಲ್ಯಾಶ್ ಅಕ್ಕ ಸಂಜೆ ಒಳಗೆ ಕರೆದಳು. ಕೆಟ್ಟವಳೇನಲ್ಲ, ಆದರೆ ಭಯಸ್ಥೆ.

"ನೀನು ಕಲಸೋದ್ರಲ್ಲಿ ಒಂದು ತಪ್ಪಿಲ್ಲ ಕಣೇ. ಆದ್ರೆ ಜನ ಕೇಳ್ತಾರೆ... ಅವಳ ಮುಖಾನೇ ಹಾಗಿದೆ, ಅವಳ ಔಷಧಿ ಹ್ಯಾಗಿರುತ್ತೆ ಅಂತ. ಜೂನ್ ಕೊನೇವರೆಗೂ ನೋಡ್ತೀನಿ. ಮಾತು ನಿಲ್ಲದಿದ್ರೆ ನೀನು ಒಳಗಡೆ ಕೂತು ಕಲಸು. ಕಿಟಕಿಗೆ ಬೇರೆ ಯಾರನ್ನಾದ್ರೂ ಕೂರಿಸ್ತೀನಿ."

ಕಿಟಕಿ!

ಬೇರೆಯವರಿಗೆ ಅದೊಂದು ಗಾಜು ಹಾಕಿದ ಗೂಡು. ಮಕ್ಪಾಲಳಿಗೆ ಅದೇ ಜೀವ. ಹದಿನಾರರಲ್ಲಿ ಅವಳೂ ಇಂಥದೇ ಕಿಟಕಿಯಿಂದ ಸೀಸೆ ತಂದಿದ್ದಳು. ಯಾರೂ ಒಂದು ಮಾತೂ ಹೇಳಲಿಲ್ಲ. ಬೇಗ ವಾಸಿಯಾಗಲಿ ಎಂದು ದಿನಕ್ಕೆ ಐದು ಸಲ ಹಚ್ಚಿದಳು, ನಡುನಡುವೆ ಬಟ್ಟೆ ಸೋಪಿನಿಂದ ಉಜ್ಜಿದಳು, ಉರಿ ತಡೆಯಲಾರದೆ ಅತ್ತಾಗ ಅಜ್ಜಿ ಪ್ರೀತಿಯಿಂದ ಕುರಿಬಾಲದ ಕೊಬ್ಬು ಮೆತ್ತಿದಳು. ಮುಖ ಸುಟ್ಟು ಸುಲಿಯಿತು. ಗುಳಿಗಳು ಉಳಿದವು. ಅವತ್ತು ಯಾರಾದರೂ ಒಂದೇ ಒಂದು ಮಾತು ಹೇಳಿದ್ದರೆ...

ಅದಕ್ಕೇ ಅವಳು ಈ ಕಿಟಕಿಯಲ್ಲಿ ಕೂತಿದ್ದಳು. ಸೀಸೆಯ ಜೊತೆ ಆ ಮಾತನ್ನೂ ಕೊಡುವುದಕ್ಕೆ.

'ಎಲ್ಲಾ ಆ ಗಡ್ಡದವನಿಂದ! ಅವನ ನಾಲಿಗೆ ಬಿದ್ದುಹೋಗ!'

---

ಗುರುವಾರ ಆ ಗಡ್ಡದವನೇ ಬಂದು ನಿಂತ.

ಕಿಟಕಿಯಾಚೆಯ ದನಿ ಕೇಳಿದ್ದೇ ಅವಳ ಮೈ ಉರಿಯಿತು. ತಲೆ ಎತ್ತಲಿಲ್ಲ. ಈ ಮನುಷ್ಯನ ಮುಖ ಮಾತ್ರ ನೋಡಬಾರದು ಎಂದು ಆಗಲೇ ಆಣೆ ಹಾಕಿಕೊಂಡಿದ್ದಳು.

"ನಾನು... ಕ್ಷಮೆ ಕೇಳೋಣ ಅಂತ..."

"ಇದು ಔಷಧಿ ಅಂಗಡಿ. ಕ್ಷಮೆ ಇಲ್ಲಿ ಸಿಗಲ್ಲ. ಮುಂದಿನವರು ಬನ್ನಿ!"

"ಔಷಧಿ! ಔಷಧಿನೇ ಬೇಕಿತ್ತು," ಎಂದ ಅವನು ಗಾಬರಿಯಿಂದ. ವೈದ್ಯರ ಚೀಟಿಯೊಂದನ್ನು ಒಳಗೆ ತೂರಿಸಿದ. "ಮೊಡವೆಗೆ."

"ಯಾರಿಗೆ?"

ಗಡ್ಡ ಕೆರೆದುಕೊಂಡ ಸದ್ದು ಬಂತು.

"...ತಮ್ಮನಿಗೆ. ಹದಿನೇಳು ವರ್ಷ."

ಇವನ ಮೇಲಿನ ಸಿಟ್ಟನ್ನು ಆ ಪಾಪದ ಹುಡುಗನ ಮೇಲೆ ತೀರಿಸಿಕೊಳ್ಳುವುದುಂಟೇ? ಕಲಸಿ ತಂದು ಸೀಸೆಯನ್ನು ಠಕ್ಕನೆ ಇಟ್ಟಳು.

"ರಾತ್ರಿ ಒಂದೇ ಒಂದು ಸಲ. ಮೊಡವೆ ಮೇಲೆ ಮಾತ್ರ, ಇಡೀ ಮುಖಕ್ಕೆ ಸುಣ್ಣ ಬಳಿದ ಹಾಗಲ್ಲ. ಮುಖ ತೊಳೆಯೋದು ದಿನಕ್ಕೆ ಎರಡೇ ಸಲ. ಹಿಂಡಬಾರದು. ಗೊತ್ತಾಯ್ತಾ?"

"ಒಂದ್ನಿಮಿಷ... ಬರ್ಕೋತೀನಿ." ನೆಂಟರ ಹೆಸರು ಬರೆದುಕೊಳ್ಳುವ ಅವನ ಪುಸ್ತಕದ ಹಾಳೆ ಸರಸರ ಎಂದಿತು.

ಮುಂದಿನ ಗುರುವಾರವೂ ಬಂದ.

"ಸಿಪ್ಪೆ ಏಳ್ತಿದೆ... ತಮ್ಮನಿಗೆ."

"ಎಷ್ಟು ಸಲ ಹಚ್ಚಿದ?"

"ನಾಲ್ಕು... ಒಂದಿನ ಐದು."

"ತಲೆ ಇದೆಯಾ ಅವನಿಗೆ?" ಮಕ್ಪಾಲ್ ಮೇಜು ಗುದ್ದಿದಳು. ಸಾಲಿನಲ್ಲಿದ್ದವರೆಲ್ಲ ಬೆಚ್ಚಿದರು. "ಐದು ಸಲ ಹಚ್ಚಿದ್ರೆ ಐದು ಪಟ್ಟು ವಾಸಿ ಆಗತ್ತಾ? ಚರ್ಮ ಅದು, ಎಮ್ಮೆ ತೊಗಲಲ್ಲ! ಮೂರು ದಿನ ನಿಲ್ಲಿಸಲಿ. ಈ ಹಗುರ ಕ್ರೀಮು ಹಚ್ಚಲಿ."

"ಜಿಡ್ಡು ಮುಖಕ್ಕೆ ಕ್ರೀಮಾ?"

"ಒಣಗಿಸಿ ಒಣಗಿಸಿ ಕೊಂದ್ರೆ ಚರ್ಮ ಇನ್ನೂ ಜಾಸ್ತಿ ಉರಿಯುತ್ತೆ, ಕೆರಳುತ್ತೆ. ಬೇರೆ ಏನಾದ್ರೂ ಮೆತ್ತುತ್ತಾನಾ?"

ಅವನ ದನಿ ಸಣ್ಣಗಾಯಿತು. "ಅಮ್ಮ... ಕುರಿಬಾಲದ ಕೊಬ್ಬು..."

"ಕೊಬ್ಬಾ!" ಎಂದು ಅವಳು ಕಿರುಚಿದ್ದು ಒಳಗಿನ ಕುಲ್ಯಾಶ್ ಅಕ್ಕನಿಗೂ ಕೇಳಿಸಿತು. ಸಾಲಿನಲ್ಲಿ ಹಿಂದಿದ್ದ ಲಾರಿ ಚಾಲಕನೊಬ್ಬ ಮೆಲ್ಲಗೆ ತನ್ನ ಹಣೆ ಒರೆಸಿಕೊಂಡ. ಅವನೂ ತಿಂಗಳಿಗೊಮ್ಮೆ ಯಾರೋ ಭಾವಮೈದುನನಿಗೆಂದು ಸೀಸೆ ಒಯ್ಯುವವನು.

ಹೀಗೇ ವಾರಗಳು ಕಳೆದವು. ಅವಳು ತಲೆ ಎತ್ತದೆಯೇ ಬೈಯುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ. ಏಪ್ರಿಲ್ ಹೋಗಿ ಮೇ ಬಂತು. ಎಂದೋ ಬತ್ತಿಹೋದ ಸಮುದ್ರದ ತಳದಿಂದ ಉಪ್ಪು ಧೂಳಿನ ಗಾಳಿ ಬೀಸಿ ಊರಿನವರ ಮುಖವೆಲ್ಲ ಕೆಂಪಾಯಿತು.

"ಗಾಳಿಯಿಂದ ಬಂದ ಕೂಡಲೇ ತೊಳೀಬೇಕು ಅಂತ ಹೇಳಿ," ಎಂದಳು ಒಂದು ಗುರುವಾರ, ಎಂದಿನಂತೆ ಸೀಸೆಗೆ ಚೀಟಿ ಅಂಟಿಸುತ್ತ. "ತಮ್ಮನಿಗೆ ಗಡ್ಡ ಬಂದಿದೆಯಾ?"

ಆಚೆ ಒಂದು ಕೆಮ್ಮು. "ಸ್ವಲ್ಪ..."

"ಹಾಗಾದ್ರೆ ತೆಗೀಲಿ. ಗಡ್ಡದ ಕೆಳಗೆ ಔಷಧಿ ಇಳಿಯೋದು ಹ್ಯಾಗೆ?"

ಪುಸ್ತಕದ ಮೇಲೆ ಪೆನ್ನು ಓಡಿದ ಸದ್ದಾಯಿತು. ಆಮೇಲೆ ಅವನು ಮೆಲ್ಲಗೆ ಕೇಳಿದ.

"ನೀವು ಇಷ್ಟೆಲ್ಲ ಸರಿಯಾಗಿ ಮಾಡ್ತೀರಿ... ಆದ್ರೂ ನಿಮಗೆ ಯಾಕೆ..."

ಯಾರಾದರೂ ಬೇರೆಯವರು ಕೇಳಿದ್ದರೆ ಸೀಸೆ ತಲೆಗೆ ಬೀಳುತ್ತಿತ್ತು. ಆದರೆ ಆ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಿತ್ತು ಅವನಿಗೆ.

"ಯಾಕಂದ್ರೆ ಕೆಲವರ ರಕ್ತದಲ್ಲೇ ಇರುತ್ತೆ," ಎಂದಳು. "ಎಲ್ಲಾ ಸರಿ ಮಾಡಿದ್ರೂ ತಿಂಗಳಿಗೆ ಮೂರು ಬರತ್ತೆ. ಮೊದಲು ಮೂವತ್ತು ಬರ್ತಿತ್ತು. ಮೂರಕ್ಕೆ ಇಳಿಸಿದ್ದೀನಲ್ಲ, ಅದನ್ನ ಯಾರೂ ಎಣಿಸಲ್ಲ."

"ನಾನು ಎಣಿಸ್ತೀನಿ," ಎಂದ ಅವನು.

ಕಿವಿ ಬಿಸಿಯಾಯಿತು ಅವಳಿಗೆ. ಸುಮ್ಮನೆ ಮುಂದಿನವರನ್ನು ಕರೆದಳು. ಅವತ್ತಿನಿಂದ ಬುಧವಾರ ಸಂಜೆಯೇ ಅವಳ ಮನಸ್ಸು ಗಾಜಿನ ಕಡೆ ಓಡತೊಡಗಿತು. ಅದಕ್ಕಾಗಿ ತನ್ನ ಮೇಲೇ ಕೋಪ ಬರುತ್ತಿತ್ತು.

'ಛೀ, ನಾಚಿಕೆ ಇಲ್ವಾ ನಿನಗೆ? ಮುನ್ನೂರು ಜನರ ಮುಂದೆ ನಿನ್ನ ಮಾನ ಕಳೆದವನು ಅವನು!'

---

ಜೂನ್ ಕೊನೆಯ ವಾರ ಬಲ್ಜಾನ್ ಗಂಡನ ಮನೆಯಿಂದ ಬಂದಿದ್ದಳು. ಅಕ್ಕನ ಮುಂದೆ ಚಹಾ ಕುಡಿಯುತ್ತ ಕೂತಿದ್ದವಳು ಮಾತಿನ ನಡುವೆ ಕೇಳಿದಳು.

"ಅಕ್ಕಾ, ಆ ಹಾಡುಗಾರ ನಿನ್ನ ಕಿಟಕಿಗೆ ಬರ್ತಾನಂತಲ್ಲ? ಊರೆಲ್ಲ ಆಡಿಕೊಳ್ತಿದೆ."

"ಅವನ ತಮ್ಮನಿಗೆ ಔಷಧಿ ಬೇಕು. ಬರ್ತಾನೆ."

ಬಲ್ಜಾನಳ ಬಟ್ಟಲು ಅಲ್ಲೇ ನಿಂತಿತು. "ತಮ್ಮನಾ? ನಮ್ಮ ಅತ್ತೆಗೆ ಅವರ ಮನೆ ದೂರದ ನೆಂಟಸ್ತಿಕೆ. ಅವನು ಒಬ್ಬನೇ ಮಗ ಕಣಕ್ಕಾ! ತಮ್ಮ ಎಲ್ಲಿಂದ ಬಂದ?"

ಮಕ್ಪಾಲ್ ಬೆರಳು ಮಡಚಿ ವಾರಗಳನ್ನು ಎಣಿಸಿದಳು.

ತಮ್ಮನಿಲ್ಲ... ಹತ್ತು ಗುರುವಾರ... ಆ ಪುಸ್ತಕ! ಪದ ಕಟ್ಟುವ ಪುಸ್ತಕ! ಅವಳು ಬೈದದ್ದು, ಕಿರುಚಿದ್ದು, ಮೂವತ್ತರ ಲೆಕ್ಕ, ಮೂರರ ಲೆಕ್ಕ... ಎಲ್ಲವನ್ನೂ ಬರೆದುಕೊಂಡಿದ್ದಾನೆ. ಯಾವ ಮದುವೆಯಲ್ಲಿ ಹಾಡಲಿಕ್ಕೆ?

'ಒಂದು ಸಲ ನಗಿಸಿದ್ದು ಸಾಲಲಿಲ್ಲ ಅವನಿಗೆ! ಮತ್ತೆ ಬಂದ... ಹೊಸ ಪದಕ್ಕೆ ಸರಕು ಹುಡುಕಿಕೊಂಡು ಬಂದ! ನಾನು ಪೆದ್ದಿ, ಬಿಡಿಸಿ ಬಿಡಿಸಿ ಹೇಳಿದೆ!'

ಗುರುವಾರ ಅವನು ಬಂದು "ನಮಸ್ಕಾರ" ಎನ್ನುವಷ್ಟರಲ್ಲಿ ಅವಳು ಕಿಟಕಿಯೊಳಗಿನಿಂದ ಕೈ ಹಾಕಿ ಆ ಪುಸ್ತಕವನ್ನು ಕಿತ್ತುಕೊಂಡಳು.

"ತಮ್ಮ ಹ್ಯಾಗಿದ್ದಾನೆ?"

"ಸ್ವಲ್ಪ... ಪರವಾಗಿಲ್ಲ..."

"ಸುಳ್ಳ! ನಿನಗೆ ತಮ್ಮನೇ ಇಲ್ಲ!" ನೀವು ಹೋಗಿ ನೀನು ಬಂದಿತ್ತು. "ಹತ್ತು ವಾರ ನನ್ನ ಮುಂದೆ ನಾಟಕ ಆಡಿದ್ಯಾ? ನನ್ನ ಮುಖ ಇಟ್ಕೊಂಡು ಇನ್ನೆಷ್ಟು ಹಾಡು ಕಟ್ಟಬೇಕು ನಿನಗೆ?"

"ಇಲ್ಲ, ಮಕ್ಪಾಲ್, ನನ್ನ ಮಾತು ಕೇಳಿ..."

"ಕೇಳಿದ್ದು ಸಾಕು! ನಿನ್ನ ಒಂದು ಪದದಿಂದ ನಾಳೆಗೆ ನನ್ನ ಕಿಟಕಿ ಹೋಗುತ್ತೆ. ಗೊತ್ತಾ? ನಾಳೆಯಿಂದಾಚೆ ನಾನು ಒಳಗೆ, ಗೋಡೆ ಹಿಂದೆ! ಈ ಮುಖ ಯಾರಿಗೂ ಕಾಣಿಸದ ಹಾಗೆ! ಈಗ ಖುಷಿಯಾ? ಹೋಗು, ಅದನ್ನೂ ಹಾಡು!"

ಗಾಜಿನ ಬಾಗಿಲು ಅವನ ಮುಖದ ಮುಂದೆ ದಢಾರನೆ ಮುಚ್ಚಿತು.

ಪುಸ್ತಕವನ್ನು ತೆರೆದೂ ನೋಡದೆ ಮೇಜಿನ ಗೂಡಿಗೆ ಎಸೆದಳು. ಆಮೇಲೆ ಸೀಸೆಗಳ ಹಿಂದೆ ಕೂತು, ಕಣ್ಣೀರು ಮೊಡವೆಗಳ ಮೇಲೆ ಇಳಿದು ಚುರುಚುರು ಎನ್ನುತ್ತಿದ್ದರೂ ಒರೆಸಿಕೊಳ್ಳದೆ ಅತ್ತಳು. ಅವಳಿಗೆ ಬೇಸರವಾದದ್ದು ಹಾಡಿಗಲ್ಲ. 'ನಾನು ಎಣಿಸ್ತೀನಿ' ಎಂದಿದ್ದನಲ್ಲ... ಅದನ್ನು ನಂಬಿದ್ದಳು.

---

ಶುಕ್ರವಾರ. ಜೂನ್ ಕೊನೆಯ ದಿನ.

ಕುಲ್ಯಾಶ್ ಅಕ್ಕ ಶುಕ್ರವಾರದ ವಾಡಿಕೆಯಂತೆ ಬೆಳಿಗ್ಗೆಯೇ ಏಳು ಎಣ್ಣೆರೊಟ್ಟಿ ಕರಿದು ತಂದು ತೀರಿಕೊಂಡ ಹಿರಿಯರ ಹೆಸರಿನಲ್ಲಿ ಹಂಚಿದ್ದಳು. ಮಕ್ಪಾಲಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು. ಹೊಸ ಹುಡುಗಿ ಸೋಮವಾರ ಬರುವವಳಿದ್ದಳು, ಮುಖ ನುಣ್ಣಗಿದ್ದವಳು.

ಸಾಲು ಬಾಗಿಲಿನಾಚೆಗೂ ಇತ್ತು. ಮಕ್ಪಾಲ್ ಕೊನೆಯ ಬಾರಿಗೆ ಎಂಬಂತೆ ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳಿ ಕಳಿಸುತ್ತಿದ್ದಳು.

"ಮುಂದಿನವರು!"

ಎದುರು ಬಂದು ನಿಂತವನ ಆ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಹಣೆ ಬಿಸಿಲಿಗೆ ಕಂದಿತ್ತು, ಅದರ ಕೆಳಗೆ ಕೆನ್ನೆ, ದವಡೆ ಎಲ್ಲ ಬಿಳಿ. ಆ ಬಿಳಿಯ ಮೇಲೆ ಕೆಂಪು ಗಂಟುಗಳು, ಹಳೆಯ ಗುಳಿಗಳು, ಈಗಷ್ಟೇ ಬ್ಲೇಡು ತಾಗಿ ರಕ್ತ ಜಿನುಗಿದ ಗೀರುಗಳು. ಸಾಲಿನಲ್ಲಿ ಯಾರೋ "ಪಾಪ!" ಎಂದರು.

"ಯಾರಿಗೆ?" ಎಂದು ಕೇಳಿದಳು ಅಭ್ಯಾಸಬಲದಿಂದ.

"ನನಗೆ," ಎಂದ ಅವನು.

ಆ ದನಿ!

ಸಾಲಿನಲ್ಲಿದ್ದವರೂ ಗುರುತು ಹಿಡಿದರು. "ಅಯ್ಯೋ, ಇವನು ನಮ್ಮ ಗಡ್ಡದ ಜಾಂದೋಸ್ ಅಲ್ವಾ? ಗಡ್ಡ ಎಲ್ಲಪ್ಪಾ?"

ಅವನು ಕಿಟಕಿ ಬಿಟ್ಟು ಸಾಲಿನ ಕಡೆ ತಿರುಗಿದ. ಮೈಕಿಲ್ಲದೆ ಮುನ್ನೂರು ಜನಕ್ಕೆ ಹಾಡುವವನ ಗಂಟಲು ಅದು, ಬೀದಿಯವರೆಗೂ ಕೇಳಿಸಿತು.

"ನನಗೆ ತಮ್ಮ ಇಲ್ಲ. ಮೊಡವೆ ನನ್ನದೇ. ಹನ್ನೊಂದು ವರ್ಷ ಗಡ್ಡದ ಹಿಂದೆ ಬಚ್ಚಿಟ್ಟಿದ್ದೆ! ಮದುವೆ ಹಾಡುಗಾರನ ಮುಖ ಹೀಗಿದ್ರೆ ಯಾರು ಕರೀತಾರೆ ಅಂತ ಹೆದರಿದ್ದೆ. ಕ್ಷಮೆ ಕೇಳೋಕೆ ಬಂದವನು ಔಷಧಿಯನ್ನ ಸುಳ್ಳು ಹೇಳಿ ತಗೊಂಡೆ. ಇವರ ಮುಖದ ಬಗ್ಗೆ ನಾನು ಹಾಡಿದ್ದನ್ನ ಊರೆಲ್ಲ ನೋಡಿ ನಕ್ಕಿದೆ. ಈಗ ನನ್ನದನ್ನೂ ನೋಡಿ! ತಗೊಳಿ, ಫೋನ್ ಎತ್ತಿ!"

ಯಾರೂ ಫೋನ್ ಎತ್ತಲಿಲ್ಲ.

"ಹನ್ನೊಂದು ವರ್ಷದಲ್ಲಿ ಎಷ್ಟೋ ಜನ ಸೀಸೆ ಕೊಟ್ಟರು. ದಿನಕ್ಕೆ ಎಷ್ಟು ಸಲ ಹಚ್ತೀಯಪ್ಪ ಅಂತ ಬೈದು ಕೇಳಿದವರು ಇವರೊಬ್ಬರೇ. ಇವರನ್ನ ಗೋಡೆ ಹಿಂದೆ ಕೂರಿಸ್ತಾರಂತೆ!"

ಆಮೇಲೆ ಹಿಂದಿನಿಂದ ಆ ಲಾರಿ ಚಾಲಕ ಗಂಟಲು ಸರಿಪಡಿಸಿಕೊಂಡ.

"ನನಗೂ... ಭಾವಮೈದುನ ಅಂತ ಯಾರೂ ಇಲ್ಲ."

"ನಮ್ಮ ಯಜಮಾನರು ನನ್ನ ಕೈಲಿ ಮಗಳಿಗೆ ಅಂತ ತರಿಸ್ತಾರೆ," ಎಂದಳು ಒಬ್ಬ ಹೆಂಗಸು. "ನಮಗೆ ಮಗಳೇ ಇಲ್ಲ."

ಸಾಲಿನಲ್ಲಿ ನಗು ಎದ್ದಿತು. ಆದರೆ ಈ ನಗು ಬೇರೆ. ಅವತ್ತು ಸೀಸೆ ವಾಪಸು ತಳ್ಳಿದ್ದ ಮುದುಕಿಯೂ ಅಲ್ಲೇ ಇದ್ದಳು. "ಮೊಮ್ಮಗಳಿಗೆ ಬೇರೆ ಅಂಗಡೀದು ಹಚ್ಚಿ ಮುಖ ಉರಿದುಹೋಯ್ತು ಕಣಮ್ಮ," ಎಂದಳು ನೆಲ ನೋಡುತ್ತ. "ಅಲ್ಲಿ ಯಾರೂ ಏನೂ ಹೇಳಲಿಲ್ಲ."

ಒಳಬಾಗಿಲಲ್ಲಿ ನಿಂತಿದ್ದ ಕುಲ್ಯಾಶ್ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಮೂಗು ಒರೆಸಿಕೊಂಡು ಗದರಿದಳು. "ಏನೇ ಸುಮ್ನೆ ನಿಂತಿದ್ದೀಯ? ಸಾಲು ಬೆಳೀತಿದೆ. ಸಂಜೆ ಕಿಟಕಿ ಬೀಗದ ಕೀಲಿ ನಿನ್ನ ಹತ್ರಾನೇ ಇರಲಿ. ಸೋಮವಾರ ಬೇಗ ಬಾ."

ಮಕ್ಪಾಲ್ ಜಾಂದೋಸನ ಗೀರುಗಳಿಗೆ ಹಚ್ಚಲು ಮುಲಾಮು ಹುಡುಕಿ ಮೇಜಿನ ಗೂಡು ಎಳೆದಳು. ಮೇಲೆಯೇ ಆ ಪುಸ್ತಕವಿತ್ತು. ಈ ಸಲ ತೆರೆದಳು.

ಪದಗಳಿರಲಿಲ್ಲ. ಅವಳ ಮಾತುಗಳಿದ್ದವು. 'ರಾತ್ರಿ ಒಂದೇ ಸಲ. ಎಮ್ಮೆ ತೊಗಲಲ್ಲ. ದಿಂಬಿನ ಬಟ್ಟೆ ವಾರಕ್ಕೆರಡು. ಅಮ್ಮನಿಗೆ ಕೊಬ್ಬಿನ ವಿಷಯ ಮೆಲ್ಲಗೆ ಹೇಳಬೇಕು.' ಪ್ರತಿ ಗುರುವಾರದ ಕೊನೆಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಇತ್ತು.

'ಇವತ್ತೂ ನನ್ನ ಕಡೆ ನೋಡಲಿಲ್ಲ.'

ಹತ್ತು ಗುರುವಾರ! ಮೊಡವೆಯನ್ನು ನಾಲ್ಕು ಮಾರು ದೂರದಿಂದ ಗುರುತಿಸುವವಳು ಅವಳು. ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು, ಗಡ್ಡದ ಅಂಚಿನಲ್ಲೇ ಕಾಣುತ್ತಿತ್ತು. ಕಣ್ಣು ಬಿಟ್ಟು ನೋಡಿ ಎಂದು ಊರ ಮುಂದೆ ಕೂಗಿದವಳು ತಾನೇ ನೋಡಿರಲಿಲ್ಲ.

ಈಗ ನೋಡಿದಳು. ಕಣ್ತುಂಬ ನೋಡಿದಳು.

ನೋಡಿದ್ದೇ ಸಿಟ್ಟು ಉಕ್ಕಿ ಬಂತು!

"ಯಾವ ಬ್ಲೇಡಲ್ಲಿ ಕೆರ್ಕೊಂಡೆ? ಹಳೇದಾ?"

"...ಅಪ್ಪನದು. ಮನೇಲಿ ಅದೊಂದೇ ಇತ್ತು."

"ಅಪ್ಪನದು! ತುಕ್ಕು ಹಿಡಿದಿತ್ತೋ ಏನೋ! ಗಂಟಿನ ಮೇಲೆಲ್ಲ ಎಳೆದಿದ್ದೀಯ! ಇದಕ್ಕೇನಾ ನಾನು ಹತ್ತು ವಾರ ಗಂಟಲು ಹರ್ಕೊಂಡಿದ್ದು? ಮೂರು ದಿನ ಸೀಸೆ ಮುಟ್ಟಿದ್ರೆ ನೋಡು! ಬಗ್ಗು ಇಲ್ಲಿ!"

ಅವನು ಕಿಟಕಿಯೊಳಗೆ ಬಗ್ಗಿದ. ಅವಳು ಹತ್ತಿಯಲ್ಲಿ ಮುಲಾಮು ತೆಗೆದು ಒಂದೊಂದೇ ಗೀರಿಗೆ ಒತ್ತಿದಳು. ಬಾಯಿ ಬೈಯುತ್ತಿತ್ತು, ಬೆರಳು ಮಾತ್ರ ಹೂವಿನಷ್ಟು ಹಗುರವಾಗಿತ್ತು.

"ಮಕ್ಪಾಲ್..." ಎಂದ ಅವನು ಅವಳಿಗಷ್ಟೇ ಕೇಳುವಂತೆ. "ಅವತ್ತು ನೋಡದೇ ಹಾಡಿದೆ. ಆಮೇಲೆ ಹತ್ತು ಗುರುವಾರ ನೋಡಿದೆ. ಈಗ ಹಾಡೋಣ ಅಂದ್ರೆ ಬಾಯೇ ಬರ್ತಿಲ್ಲ. ನನಗೆ ನೀವು ಬೇಕು, ಅಷ್ಟೇ."

"ಅಲ್ಲಾಡಬೇಡ," ಎಂದಳು ಅವಳು. ಕಣ್ಣು ತುಂಬಿತ್ತು. "ಗುರುವಾರ ನಿಮ್ಮಮ್ಮನ್ನ ಕರ್ಕೊಂಡು ಬಾ. ಅಂಗಡಿಗಲ್ಲ... ಮನೆಗೆ."

---

ಸೆಪ್ಟೆಂಬರಿನಲ್ಲಿ ಭತ್ತದ ಕೊಯ್ಲು ಶುರುವಾಗುವ ಮೊದಲು ಜಾಂದೋಸನ ಅಂಗಳದಲ್ಲಿ ಮಕ್ಪಾಲ್ ಬಿಳಿ ಮುಸುಕಿನೊಳಗೆ ನಿಂತಿದ್ದಳು. ಪೌಡರು ಹಚ್ಚಿರಲಿಲ್ಲ. ಗಲ್ಲದ ಮೇಲ್ಗಡೆ ಆ ತಿಂಗಳ ಮೂರು ಕೆಂಪು ಇದ್ದೇ ಇದ್ದವು.

ಹಾಡಲು ಬಂದವನು ಒಬ್ಬ ಮುದಿ ಹಾಡುಗಾರ. ಚೀಟಿ ಕೇಳಿದಾಗ ಮದುಮಗ ಕೊಡಲಿಲ್ಲ. "ಮುಖ ನೋಡಿ ಹಾಡಿ ಅಜ್ಜ," ಎಂದಿದ್ದ, ತನ್ನ ಗುಳಿಬಿದ್ದ, ಗಡ್ಡವಿಲ್ಲದ ಕೆನ್ನೆ ಸವರಿಕೊಂಡು. ಮುದುಕ ದೋಂಬ್ರಾದ ತುದಿಯಿಂದ ಮುಸುಕು ಸರಿಸಿ, ಆ ಮುಖವನ್ನು ನಿಧಾನವಾಗಿ ನೋಡಿ, ಈ ಹುಡುಗಿ ಸುಳ್ಳು ಹೇಳುವವಳಲ್ಲ ಎಂದು ಹಾಡಿದ. ಯಾರೂ ನಗಲಿಲ್ಲ.

ಆಮೇಲೆ ಒಲೆ.

ಅವಳು ಕೊಬ್ಬು ಸುರಿದಳು. ಬೆಂಕಿ ಭಗ್ಗೆಂದಿತು. ಆಶೀರ್ವಾದ ಒರೆಸಿದವಳು ಈಗೇನು ಮಾಡುತ್ತಾಳೋ ಎಂದು ಎಲ್ಲರೂ ಕಾಯುತ್ತಿದ್ದರು.

ಅತ್ತೆ ಮುಂದೆ ಬಂದಳು. ಕೊಬ್ಬಿನ ಬಟ್ಟಲಿನ ಹತ್ತಿರ ಹೋದ ಕೈ ನಿಂತಿತು. ಸೊಸೆಯ ಮುಖ ನೋಡಿದಳು, ಮಗನ ಮುಖ ನೋಡಿದಳು. ಆಮೇಲೆ ತನ್ನ ಅಂಗೈಗಳನ್ನು ನೀರಿನ ಕೊಡದಲ್ಲಿ ತೊಳೆದು, ಸೋಪು ಹಾಕಿ ಮತ್ತೊಮ್ಮೆ ತೊಳೆದು, ಒರೆಸಿ, ಬರಿಗೈಯನ್ನೇ ಬೆಂಕಿಗೆ ಹಿಡಿದಳು.

"ನನ್ನ ಮಗನ ಕೆನ್ನೆಗೆ ಹನ್ನೊಂದು ವರ್ಷ ಕೊಬ್ಬು ಮೆತ್ತಿದೆ ತಾಯಿ," ಎಂದಳು ಮೆಲ್ಲಗೆ. "ಪ್ರೀತಿಯಿಂದಾನೇ ಮೆತ್ತಿದೆ. ಗೊತ್ತಿರ್ಲಿಲ್ಲ."

ಮಕ್ಪಾಲಳಿಗೆ ತನ್ನ ಅಜ್ಜಿ ನೆನಪಾದಳು. ಹತ್ತು ವರ್ಷ ಎದೆಯಲ್ಲಿ ಗಂಟುಕಟ್ಟಿ ಕೂತಿದ್ದ ಸಿಟ್ಟು ಅಲ್ಲೇ ಕರಗಿತು. ಅವಳು ಬಗ್ಗಿ, ತಾನೇ ಬಟ್ಟಲಿನ ಕೊಬ್ಬಿನಲ್ಲಿ ಒಂದು ಬೆರಳು ಅದ್ದಿ, ಅತ್ತೆಯ ಬೆಚ್ಚನೆಯ ಅಂಗೈಯಲ್ಲಿ ಒಂದು ಚುಕ್ಕೆ ಇಟ್ಟಳು.

"ಇಷ್ಟು ಇರಲಿ ಅಮ್ಮ. ಹಣೆಗೆ ಮಾತ್ರ."

ಅತ್ತೆಯ ಕಣ್ಣಿಂದ ನೀರು ಬಿತ್ತು. ಆ ಅಂಗೈ ಸೊಸೆಯ ಹಣೆ ಸವರಿತು. ಹೆಂಗಸರೆಲ್ಲ ಒಟ್ಟಿಗೆ ಹರಸಿದರು.

ಜಾಂದೋಸ್ ಪಕ್ಕಕ್ಕೆ ಬಂದು, ಹೊಳೆಯುವ ಆ ಹಣೆಯನ್ನು ನೋಡಿ ಪಿಸುಗುಟ್ಟಿದ.

"ತೊಳ್ಕೊಳೋಕೆ ನೀರು ತರ್ಲಾ?"

"ರಾತ್ರಿ ಮಲಗೋ ಮುಂಚೆ ತೊಳ್ಕೋತೀನಿ," ಎಂದಳು ಮಕ್ಪಾಲ್. "ಅಲ್ಲೀವರೆಗೂ ಇರಲಿ ಬಿಡು."